ನೆಲಮಂಗಲ ದಾಟಿದ ಮೇಲೆ

ನಮ್ಮ ಜನಕ್ಕೆ ತಂಬಾಕಿನ ಮೇಲೆ ಅಂಥ ಸಿಟ್ಟೇನೂ ಇಲ್ಲ. ಸಿಟ್ಟಿರುವುದು ಹೊಗೆಯ ಮೇಲೆ, ಅದರಲ್ಲೂ ಹೆಂಗಸಿನ ಬಾಯಿಂದ ಹೊರಡುವ ಹೊಗೆಯ ಮೇಲೆ. ಅನುಮಾನವಿದ್ದವರು ತಂತಮ್ಮ ಅಜ್ಜಿಯರನ್ನು ಒಮ್ಮೆ ನೆನೆಸಿಕೊಳ್ಳಲಿ. ನಮ್ಮಜ್ಜಿ ಮಡಿ ಹೆಂಗಸು. ಬೆಳ್ಳುಳ್ಳಿ ವಾಸನೆ ಬಡಿದರೆ ಮೂಗು ಮುಚ್ಚಿಕೊಳ್ಳುವಾಕೆ. ಆದರೆ ಅದೇ ಮೂಗಿಗೆ ಹೊತ್ತುಹೊತ್ತಿಗೆ ಒಂದು ಚಿಟಿಕೆ ನಶ್ಯ ಬೀಳದಿದ್ದರೆ ಜಪ ಮುಂದಕ್ಕೆ ಹೋಗುತ್ತಿರಲಿಲ್ಲ. ಡಬ್ಬಿ ಖಾಲಿಯಾದರೆ ಶೆಟ್ಟರ ಅಂಗಡಿಗೆ ಓಡುವ ಕೆಲಸ ಮೊಮ್ಮಕ್ಕಳದು. ಆಚೆಮನೆಯ ಗೌಡರ ಅಜ್ಜಿಯ ಸೊಂಟದಲ್ಲಿ ಎಲೆಯಡಿಕೆ ಸಂಚಿ. ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು ಮಡಿಸಿ ದವಡೆಗೆ ಸೇರಿಸಿದ ಮೇಲೆ ಕೊನೆಯಲ್ಲಿ ಕಡ್ಡಿಪುಡಿ. ಇಬ್ಬರೂ ಸಂಜೆ ಜಗಲಿಯ ಮೇಲೆ ಕೂತು ಊರ ಹೆಣ್ಣುಮಕ್ಕಳ ನಡತೆ ತೂಗುತ್ತಿದ್ದರು. ಟೆಂಟ್ ಸಿನಿಮಾದಲ್ಲಿ ಕ್ಲಬ್ ಡ್ಯಾನ್ಸರು ಸಿಗರೇಟು ಹಚ್ಚಿದ್ದನ್ನು ಕಂಡು ಬಂದ ದಿನವಂತೂ ಇಬ್ಬರದೂ ಒಂದೇ ತೀರ್ಪು: “ಥೂ, ಕಾಲ ಕೆಟ್ಟುಹೋಯ್ತು.” ಆ ತೀರ್ಪು ಕೊಡುವಾಗಲೂ ಒಬ್ಬರ ಮೂಗಿನಲ್ಲಿ, ಇನ್ನೊಬ್ಬರ ದವಡೆಯಲ್ಲಿ ಇದ್ದದ್ದು ತಂಬಾಕೇ.

ಇದು ನಮ್ಮೂರಿನ ಜಗಲಿಯ ಕಥೆ ಮಾತ್ರ ಅಲ್ಲ. 2016-17ರಲ್ಲಿ ನಡೆದ ವಯಸ್ಕರ ತಂಬಾಕು ಸಮೀಕ್ಷೆಯ ಲೆಕ್ಕ ನೋಡಿ. ಭಾರತದಲ್ಲಿ ಬೀಡಿ ಸಿಗರೇಟು ಸೇದುವ ಹೆಂಗಸರು ನೂರಕ್ಕೆ 2 ಮಂದಿ. ಅಗಿಯುವುದು, ಉಜ್ಜುವುದು, ಮೂಗಿಗೇರಿಸುವುದು ಎಲ್ಲ ಸೇರಿ ಹೊಗೆಯಿಲ್ಲದ ತಂಬಾಕು ಬಳಸುವ ಹೆಂಗಸರು ನೂರಕ್ಕೆ 12.8. ಗಂಡಸರಲ್ಲಿ ಸೇದುವವರು 19, ಹೊಗೆಯಿಲ್ಲದ್ದನ್ನು ಬಳಸುವವರು 29.6. ಅಂದರೆ ತಂಬಾಕು ಹೆಂಗಸಿಗೆ ನಿಷಿದ್ಧವಾಗಿದ್ದೇ ಇಲ್ಲ. ಸೀರೆಯ ಮಡಿಕೆಯಲ್ಲಿ, ಸೊಂಟದ ಸಂಚಿಯಲ್ಲಿ ಸದ್ದಿಲ್ಲದೆ ಇರುವಷ್ಟು ಕಾಲ ಅದಕ್ಕೆ ಪರವಾನಗಿ ಇತ್ತು. ಬೆಂಕಿ ಹಚ್ಚಿ, ನಾಲ್ಕು ಜನರೆದುರು ನಿಂತು, ಹೊಗೆ ಬಿಟ್ಟು ‘ನಾನಿಲ್ಲಿದ್ದೇನೆ’ ಎಂದು ಸಾರುವ ಹಕ್ಕು ಮಾತ್ರ ಗಂಡಸಿನದು.

ಶ್ರೀಕಾಕುಳಂ, ವಿಶಾಖಪಟ್ಟಣದ ಕರಾವಳಿ ಹಳ್ಳಿಗಳಲ್ಲಿ ಹೆಂಗಸರು ಚುಟ್ಟವನ್ನೇ ಸೇದುತ್ತಾರಲ್ಲ ಎಂದು ತಿಳಿದವರು ತಕರಾರು ತೆಗೆಯಬಹುದು. ನಿಜ, ಸೇದುತ್ತಾರೆ; ಆದರೆ ಉರಿಯುವ ತುದಿಯನ್ನು ಬಾಯೊಳಗಿಟ್ಟುಕೊಂಡು ಸೇದುತ್ತಾರೆ. ತೆಲುಗಿನಲ್ಲಿ ಅದಕ್ಕೆ ‘ಅಡ್ಡ ಪೊಗ’ ಎಂದು ಹೆಸರು. ಗಾಳಿಗೆ ಆರಬಾರದು, ಕಂಕುಳಲ್ಲಿರುವ ಕೂಸಿನ ಮೇಲೆ ಬೂದಿ ಬೀಳಬಾರದು ಎಂದೆಲ್ಲ ಕಾರಣ ಹೇಳುತ್ತಾರೆ. ಕಾರಣ ಏನೇ ಇರಲಿ, ಕೆಂಡ ಒಳಗಿರುತ್ತದೆ. ಅಂಗುಳಿನ ಕ್ಯಾನ್ಸರ್ ಎಂಬ ಬೇರೆ ಕಡೆ ಅಪರೂಪದ ರೋಗ ಆ ಸೀಮೆಯಲ್ಲಿ ವೈದ್ಯರಿಗೆ ಪರಿಚಿತವಾದದ್ದು ಅದರಿಂದಲೇ.

ಊರಲ್ಲೇ ಉಳಿದವರ ಕಥೆ ಇದಾಯಿತು. ಊರು ಬಿಟ್ಟವರ ಕಥೆ ಇನ್ನೂ ಸ್ವಾರಸ್ಯವಾಗಿದೆ.

ನಮ್ಮ ಬೀದಿಯ ಕೊನೆಗೆ ಒಂದು ಅಪಾರ್ಟ್‌ಮೆಂಟು ಏಳುತ್ತಿತ್ತು. ಅಲ್ಲಿ ಕಾಂಕ್ರೀಟು ಹೊರಲು ಇಂಡಿ ಕಡೆಯಿಂದ ಬಂದ ಒಂದು ಸಂಸಾರ. ಬೆಳಿಗ್ಗೆ ನಾನು ಹಾಲಿಗೆ ಹೋಗುವ ಹೊತ್ತಿಗೆ ಆ ಹೆಂಗಸು ತಗಡಿನ ಶೆಡ್ಡಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಎಡ ಅಂಗೈಯಲ್ಲಿ ಕಪ್ಪು ಪುಡಿ ಹಾಕಿಕೊಂಡು, ಬಲ ತೋರುಬೆರಳಿನಿಂದ ಒಸಡಿಗೆ ತಿಕ್ಕುತ್ತಿದ್ದಳು. ಹುರಿದು ಪುಡಿ ಮಾಡಿದ ತಂಬಾಕು. ಅದಕ್ಕೆ ಮಿಶ್ರಿ ಅನ್ನುತ್ತಾರೆ. “ಏನವ್ವಾ, ಇಲ್ಲಿಗೆ ಬಂದ ಮೇಲೂ ಬಿಡಲಿಲ್ವಾ?” ಅಂದೆ. “ಹೆಂಗ ಬಿಡೂದರೀ? ಇದಿಲ್ಲಂದ್ರ ತಲಿ ಹಿಡೀತೈತಿ, ಕಡೀಕ ಹೋಗೂದೂ ಆಗಂಗಿಲ್ಲ” ಅಂದಳು. ಗುಳೆ ಹೊರಟ ಹೆಂಗಸು ಪಾತ್ರೆ, ಕೌದಿ, ಕೂಸುಗಳ ಜೊತೆ ಮಿಶ್ರಿಯ ಡಬ್ಬಿಯನ್ನೂ ಕಟ್ಟಿಕೊಂಡೇ ಬರುತ್ತಾಳೆ. ಬೆಂಗಳೂರು ಅವಳನ್ನು ಅದರಿಂದ ಬಿಡಿಸಲೂ ಇಲ್ಲ, ಅದಕ್ಕಾಗಿ ಬೈಯಲೂ ಇಲ್ಲ. ಅವಳನ್ನು ಯಾರಾದರೂ ನೋಡಿದರೆ ತಾನೆ ಬೈಯುವುದು!

ಬೈಗುಳವೆಲ್ಲ ಬೀಳುವುದು ಅದೇ ಬೀದಿಯ ಇನ್ನೊಂದು ತುದಿಯ ಪಿ.ಜಿ. ಹುಡುಗಿಯರ ಪಾಲಿಗೆ. ತಿಪಟೂರು, ಹಾಸನ, ಅರಸೀಕೆರೆ ಕಡೆಯಿಂದ ಬಂದು ಒಂದು ಕೋಣೆಗೆ ಮೂರು ಮಂಚದಂತೆ ಇರುವ ಹುಡುಗಿಯರು. ಎಲ್ಲರೂ ಸೇದುತ್ತಾರೆ ಎಂದುಕೊಳ್ಳಬೇಡಿ, ಮೇಲಿನ ನೂರಕ್ಕೆ 2ರ ಲೆಕ್ಕ ನೆನಪಿರಲಿ. ಆದರೆ ಸೇದುವ ಒಬ್ಬಳು ಸಾಕು, ಇಡೀ ಪಿ.ಜಿ.ಗೆ ಹೆಸರು ಬರಲು. ಹಾಗೆ ಸೇದುವವಳೊಬ್ಬಳು, ನನಗೆ ದೂರದಲ್ಲಿ ಮೊಮ್ಮಗಳ ವರಸೆ, ನನ್ನೆದುರು ಮುಚ್ಚುಮರೆಯಿಲ್ಲದೆ ತನ್ನ ನಿಯಮಾವಳಿ ಹೇಳಿದಳು. ಆಫೀಸಿನ ಹತ್ತಿರ ಸೇದಬಹುದು. ಪಿ.ಜಿ.ಯ ಬೀದಿಯಲ್ಲಿ ಸೇದಬಾರದು, ಆಂಟಿ ಅಮ್ಮನಿಗೆ ಫೋನು ಮಾಡುತ್ತಾರೆ. ಕೈಗೆ ಸ್ಯಾನಿಟೈಸರು, ಬಾಯಿಗೆ ಪುದೀನದ ಚೂಯಿಂಗ್ ಗಮ್, ದುಪಟ್ಟಾಕ್ಕೆ ಸೆಂಟು. ಹಬ್ಬಕ್ಕೆ ಊರಿಗೆ ಹೊರಟರೆ? “ನೆಲಮಂಗಲ ಟೋಲ್ ದಾಟಿದ ಮೇಲೆ ಇಲ್ಲ ಅಜ್ಜಿ. ಅಲ್ಲಿಂದ ಆಚೆ ಬಸ್ಸಲ್ಲಿ ಯಾರಾದ್ರೂ ಒಬ್ರು ಅಪ್ಪನ ಪರಿಚಯದವರು ಇದ್ದೇ ಇರ್ತಾರೆ.” ದೀಪಾವಳಿಯ ನಾಲ್ಕು ದಿನ ಅವಳು ಸೇದುವುದಿಲ್ಲ, ಚಡಪಡಿಸುವುದೂ ಇಲ್ಲವಂತೆ. ಚಟಕ್ಕಿಂತ ಅಪ್ಪನ ಪರಿಚಯದವರೇ ಬಲವಾಗಿರಬೇಕು.

ಅವಳ ಅಣ್ಣನೂ ಸೇದುತ್ತಾನೆ. ಅವನೂ ಅಪ್ಪನ ಮುಂದೆ ಸೇದುವುದಿಲ್ಲ, ಬಸ್‌ಸ್ಟ್ಯಾಂಡಿನ ಹಿಂದೆ ಹೋಗಿ ಬರುತ್ತಾನೆ. ಅಪ್ಪನಿಗೂ ಗೊತ್ತು, ಗೊತ್ತಿಲ್ಲದಂತೆ ಇರುತ್ತಾನೆ. ಮಗ ಮುಚ್ಚಿಟ್ಟರೆ ಅದು ಹಿರಿಯರಿಗೆ ಕೊಡುವ ಮರ್ಯಾದೆ, ಮಗಳು ಮುಚ್ಚಿಟ್ಟರೆ ಮನೆತನದ ಮಾನ ಉಳಿಸುವ ಕೆಲಸ. ಅವನ ಗುಟ್ಟು ಬಯಲಾದರೆ ಒಂದು ಬೈಗುಳ, ಇವಳದ್ದು ಬಯಲಾದರೆ ಒಂದು ಸಂಬಂಧ ತಪ್ಪಿತು, ಕೆಲಸ ಬಿಡಿಸಿ ಊರಿಗೆ ಕರೆಸಿಕೊಳ್ಳುವ ಮಾತೂ ಬಂತು.

ಆಫೀಸಿನ ಹತ್ತಿರ ಸೇದುವ ವಿಷಯ ಬಂದದ್ದಕ್ಕೆ ಹೇಳುತ್ತೇನೆ. ಬೆಳ್ಳಂದೂರಿನ ಕಡೆ ಮಗಳ ಮನೆಗೆ ಹೋದಾಗ ದೀಪ ಹಚ್ಚಲು ಬೆಂಕಿಪೊಟ್ಟಣ ಇರಲಿಲ್ಲ. ಈಗಿನ ಮನೆಗಳಲ್ಲಿ ಒಲೆ ತಾನೇ ಹೊತ್ತಿಕೊಳ್ಳುತ್ತದೆ, ದೇವರ ದೀಪ ಮಾತ್ರ ಹೊತ್ತಿಕೊಳ್ಳುವುದಿಲ್ಲ. ಟೆಕ್ ಪಾರ್ಕಿನ ಗೋಡೆ ಪಕ್ಕದ ಚಹಾ ಅಂಗಡಿಗೆ ಹೋದೆ. ಒಂದು ಸ್ಟವ್, ಗಾಜಿನ ಲೋಟಗಳು, ಬನ್ನಿನ ಡಬ್ಬ, ಕಂಬಕ್ಕೆ ದಾರ ಕಟ್ಟಿ ಇಳಿಬಿಟ್ಟ ಲೈಟರು. ಸುತ್ತ ಕೊರಳಿಗೆ ಗುರುತುಚೀಟಿ ನೇತುಹಾಕಿಕೊಂಡ ಹುಡುಗರು, ನಡುವೆ ಇಬ್ಬರು ಹುಡುಗಿಯರು, ಎಲ್ಲರ ಕೈಲೂ ಚಹಾ ಮತ್ತು ಸಿಗರೇಟು. ರೇಷ್ಮೆ ಅಂಚಿನ ಸೀರೆ, ಮೂಗುಬೊಟ್ಟು, ಹಣೆತುಂಬ ಕುಂಕುಮದ ನಾನು ನಡುವೆ ನಿಂತು “ಒಂದು ಬೆಂಕಿಪೊಟ್ಟಣ ಕೊಡಪ್ಪ” ಎಂದದ್ದೇ ತಡ, ಹುಡುಗಿಯರು ಸೇರಿದಂತೆ ಎಲ್ಲರ ಕಣ್ಣೂ ನನ್ನ ಮೇಲೆ. ಅವರನ್ನು ಯಾರೂ ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು! ಅಂಗಡಿಯವನು ಕುಂದಾಪುರದ ಕಡೆಯವನು. ಚಿಲ್ಲರೆ ಕೊಡುತ್ತ ನಾನು ಕೇಳದಿದ್ದರೂ ಹೇಳಿದ: “ನಂಗೆ ಎಲ್ಲ ಒಂದೇ ಅಮ್ಮ, ದುಡ್ಡಿನಲ್ಲಿ ಗಂಡು ಹೆಣ್ಣು ಅಂತ ಬರೆದಿರೂದಿಲ್ಲ.” ನಿನ್ನ ತಂಗಿ ಬಂದು ಕೇಳಿದರೆ ಕೊಡುತ್ತೀಯೇನಪ್ಪ ಎಂದೆ. ಲೋಟ ತೊಳೆಯುವುದರಲ್ಲಿ ಮಗ್ನನಾಗಿಬಿಟ್ಟ.

ಆ ಗುಂಪಿನ ಮಾತು ಕೇಳಿಸಿಕೊಂಡ ಮೇಲೆ ಇನ್ನೊಂದು ವಿಷಯ ಹೊಳೆಯಿತು. ಅವರು ಆಡುತ್ತಿದ್ದದ್ದು ಪೂರ್ತಿ ಆಫೀಸಿನ ಮಾತು. ಯಾರಿಗೆ ಯಾವ ಪ್ರಾಜೆಕ್ಟು, ಮ್ಯಾನೇಜರಿಗೆ ಯಾರ ಮೇಲೆ ಕಣ್ಣು, ಮುಂದಿನ ತಿಂಗಳು ಯಾರಿಗೆ ಬಡ್ತಿ. ಮೀಟಿಂಗ್ ರೂಮಿನಲ್ಲಿ ಹೇಳದ ಸುದ್ದಿಯೆಲ್ಲ ಹೊಗೆಯ ನಡುವೆ ಸಿಗುತ್ತದೆ. ಹೊಸ ಊರಲ್ಲಿ ನೆಂಟರಿಲ್ಲ, ಜಾತಿಬಾಂಧವರಿಲ್ಲ, ಶಿಫಾರಸು ಮಾಡುವವರಿಲ್ಲ. ಆ ಐದು ನಿಮಿಷದ ಗುಂಪೇ ಎಲ್ಲ. ಅಲ್ಲಿಗೆ ಹೋಗಬೇಕೆಂದೇ ಮೊದಲು ಬರೀ ಚಹಾ ಹಿಡಿದು ನಿಂತ ಹುಡುಗಿ ಆಮೇಲೆ ಸಿಗರೇಟೂ ಹಿಡಿಯುತ್ತಾಳೆ. ಅವಳನ್ನು ಕೆಡಿಸಿದ್ದು ಪಾಶ್ಚಾತ್ಯ ಸಂಸ್ಕೃತಿ ಎಂದು ಭಾಷಣ ಮಾಡುವವರು, ಬಡ್ತಿಯ ಸುದ್ದಿ ಪ್ಯಾಂಟ್ರಿಯ ಕಾಫಿ ಮೇಜಿನ ಬಳಿಯೂ ಸಿಗುವ ಹಾಗೆ ಮಾಡಲಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಊರು ಬಿಟ್ಟರೆ ಹೆಣ್ಣು ಸೇದಲು ಕಲಿಯುತ್ತಾಳೆ ಎಂಬ ಸೂತ್ರವನ್ನು ಇಲ್ಲಿಗೇ ಗಟ್ಟಿ ಮಾಡಿಕೊಳ್ಳುವವರಿಗೆ ನಾನು ಮಿಜೋರಂ ತೋರಿಸುತ್ತೇನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಅಲ್ಲಿ ನೂರಕ್ಕೆ 60ಕ್ಕೂ ಹೆಚ್ಚು ಹೆಂಗಸರು ತಂಬಾಕು ಬಳಸುತ್ತಾರೆ. ನಮ್ಮ ಕರ್ನಾಟಕದಲ್ಲಿ ಹತ್ತಕ್ಕಿಂತ ಕಡಿಮೆ. ಅಲ್ಲಿ ಕೈಯಲ್ಲೇ ಸುತ್ತಿದ ಸಿಗರೇಟನ್ನು ಅಜ್ಜಿಯರು ಮನೆಯೆದುರು ಕೂತು ಸೇದುವುದು ಸುದ್ದಿಯೇ ಅಲ್ಲ. ಹಿಂದೆ ಮಿಜೋ ಹೆಂಗಸರಿಗೆ ಅವರದೇ ಒಂದು ನೀರಿನ ಕೊಳವೆಯಿತ್ತು. ಹೊಗೆ ಹಾಯ್ದು ನಿಕೋಟಿನ್ ಇಳಿದ ಆ ನೀರನ್ನು ಪುಟ್ಟ ಸೋರೆಬುರುಡೆಯಲ್ಲಿ ತುಂಬಿಟ್ಟುಕೊಂಡು, ಮನೆಗೆ ಬಂದವರಿಗೆ ಒಂದು ಗುಟುಕು ಕೊಡುವುದು ಸೌಜನ್ಯ. ಹೆಂಗಸು ಸೇದಿದ್ದರ ಫಲ ಗಂಡಸಿಗೆ ಉಪಚಾರ! ಅದಕ್ಕೆ ತುಯ್ಬುರ್ ಎನ್ನುತ್ತಾರೆ, ಈಗಲೂ ಐಜ್ವಾಲಿನಲ್ಲಿ ಮಾರಾಟಕ್ಕೆ ಸಿಗುತ್ತದೆ.

ಅಂಥ ಊರಿನ ಹುಡುಗಿ ಬ್ಯೂಟಿ ಪಾರ್ಲರಿಗೋ ಕಾಲೇಜಿಗೋ ಬೆಂಗಳೂರಿಗೆ ಬರುತ್ತಾಳೆ ಅನ್ನಿ. ಇಲ್ಲಿ ಮನೆ ಹುಡುಕುವಾಗ ಓನರು ಕೇಳುವ ಮೊದಲ ಮೂರು ಪ್ರಶ್ನೆಗಳಲ್ಲಿ ಒಂದು “ಸಿಗರೇಟು ಗಿಗರೇಟು?” ಎಂಬುದು. ಊರಲ್ಲಿ ಅಜ್ಜಿಯ ಜೊತೆ ಕೂತು ಸೇದಿದವಳು ಇಲ್ಲಿ ಬಾತ್‌ರೂಮಿನ ಕಿಟಕಿಗೆ ಮುಖ ಕೊಟ್ಟು ಸೇದಬೇಕು, ಇಲ್ಲವೇ ಬಿಡಬೇಕು. ತಿಪಟೂರಿನವಳಿಗೆ ಬೆಂಗಳೂರು ಬಾಗಿಲು ತೆರೆಯಿತು, ಐಜ್ವಾಲಿನವಳಿಗೆ ಅದೇ ಬೆಂಗಳೂರು ಬಾಗಿಲು ಹಾಕಿತು. ವಲಸೆ ಮಾಡುವ ಕೆಲಸ ಇಷ್ಟೇ: ನಮ್ಮನ್ನು ನೋಡುವ ಕಣ್ಣುಗಳನ್ನು ಬದಲಾಯಿಸುತ್ತದೆ. ನಡತೆ ಆ ಕಣ್ಣುಗಳ ಲೆಕ್ಕದಲ್ಲಿ ನಡೆಯುತ್ತದೆ.

ಕಣ್ಣುಗಳನ್ನೂ ಜೊತೆಗೇ ಕರೆದುಕೊಂಡು ವಲಸೆ ಹೋದರೆ ಏನಾಗುತ್ತದೆ? ಅದಕ್ಕೆ ಇಂಗ್ಲೆಂಡ್ ನೋಡಬೇಕು. 1974ರಲ್ಲಿ ಬ್ರಿಟನ್ನಿನ ವಯಸ್ಕ ಹೆಂಗಸರಲ್ಲಿ ನೂರಕ್ಕೆ 41 ಮಂದಿ ಸಿಗರೇಟು ಸೇದುತ್ತಿದ್ದರು. ಪಂಜಾಬಿನವರು, ಗುಜರಾತಿಗಳು, ಸಿಲ್ಹೆಟ್ಟಿನವರು ಅಲ್ಲಿಗೆ ಹೋಗಿ ನೆಲೆಯೂರಿದ್ದು ಹೆಚ್ಚುಕಡಿಮೆ ಆ ಕಾಲದಲ್ಲೇ. ಪಕ್ಕದ ಮನೆಯ ಬಿಳಿ ಹೆಂಗಸು ಬೇಲಿಗೆ ಒರಗಿ ಸೇದುತ್ತಿದ್ದರೂ ಇವರ ಹೆಣ್ಣುಮಕ್ಕಳು ಅದನ್ನು ಕಲಿಯಲಿಲ್ಲ. 2004ರ ಇಂಗ್ಲೆಂಡಿನ ಆರೋಗ್ಯ ಸಮೀಕ್ಷೆಯಲ್ಲಿ ಭಾರತ ಮತ್ತು ಪಾಕಿಸ್ತಾನ ಮೂಲದ ಹೆಂಗಸರಲ್ಲಿ ಸೇದುವವರು ನೂರಕ್ಕೆ 5, ಬಾಂಗ್ಲಾದವರಲ್ಲಿ 2. ಬಾಂಗ್ಲಾದ ಗಂಡಸರಲ್ಲಿ? 40! ಗಂಡಸರು ಗಂಡಸರಂತೆಯೇ ಉಳಿದರು, ಹೆಂಗಸರು ಜರ್ದಾ ಹಾಕಿದ ಪಾನಿನಲ್ಲೇ ತೃಪ್ತರಾದರು. ಥೇಟು ನಮ್ಮ ಜಗಲಿಯ ವ್ಯವಸ್ಥೆ, ಲಂಡನ್ನಿನ ಚಳಿಯಲ್ಲಿ. ಅವರು ಒಬ್ಬಂಟಿಯಾಗಿ ಹೋಗಿರಲಿಲ್ಲ. ಒಬ್ಬನ ಹಿಂದೆ ತಮ್ಮ, ತಮ್ಮನ ಹಿಂದೆ ಭಾವ, ಆಮೇಲೆ ಹೆಂಡತಿ ಮಕ್ಕಳು, ಅತ್ತೆ ಮಾವ, ಹೀಗೆ ಊರಿಗೆ ಊರೇ ಒಂದೇ ಬೀದಿಗೆ ಬಂದು ಕೂತಿತು.

ನ್ಯೂಕಾಸಲ್ ಪಟ್ಟಣದ ಬಾಂಗ್ಲಾ ಮತ್ತು ಪಾಕಿಸ್ತಾನಿ ಕುಟುಂಬಗಳನ್ನು ಮಾತಾಡಿಸಿ ಸಂಶೋಧಕರು ಬರೆದ ಒಂದು ವರದಿ 2003ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಗಂಡಸು ಸೇದುವುದು ಅಲ್ಲಿ ಸಹಜ, ಸ್ನೇಹದ ಗುರುತು. ಹೆಂಗಸು ಸೇದಿದರೆ ನಾಚಿಕೆಗೇಡು. ಹಾಗಾಗಿ ಸೇದುವ ಹೆಂಗಸರು ಮನೆಯವರಿಂದ ಮುಚ್ಚಿಟ್ಟು ಸೇದುತ್ತಾರೆ. ಇದನ್ನು ಓದುವಾಗ ನನಗೆ ನೆಲಮಂಗಲ ಟೋಲಿನ ಮಾತಾಡಿದ ಹುಡುಗಿ ನೆನಪಾದಳು. ಅವಳಿಗಾದರೂ ದಾಟಲು ಒಂದು ಟೋಲ್‌ಗೇಟಿದೆ, ಆ ನ್ಯೂಕಾಸಲ್ ಹೆಂಗಸಿಗೆ ಅದೂ ಇಲ್ಲ. ಈ ಮುಚ್ಚುಮರೆಯಿಂದ ಒಂದು ನಷ್ಟವೂ ಇದೆ: ಮುಚ್ಚಿಟ್ಟು ಸೇದುವವಳು ಬಿಡಬೇಕೆಂದರೂ ಯಾರ ಸಹಾಯ ಕೇಳಿಯಾಳು? ವೈದ್ಯರೆದುರು ಪಕ್ಕದಲ್ಲಿ ಅತ್ತೆಯೋ ಗಂಡನೋ ಕೂತಿರುವಾಗ?

ಅಮೆರಿಕದ್ದು ಇನ್ನೊಂದು ಬಗೆ. ಅಲ್ಲಿನ ಏಷ್ಯಾ ಮೂಲದ ವಲಸಿಗರ ಬಗ್ಗೆ ನಡೆದ ಅಧ್ಯಯನಗಳು ಮತ್ತೆ ಮತ್ತೆ ಹೇಳುವ ಮಾತೊಂದಿದೆ. ಆ ದೇಶದ ರೀತಿನೀತಿಗೆ ಒಗ್ಗಿದಂತೆಲ್ಲ ಗಂಡಸರು ಸೇದುವುದು ಕಡಿಮೆಯಾಗುತ್ತದೆ, ಹೆಂಗಸರದ್ದು ಹೆಚ್ಚುತ್ತದೆ. ಎರಡೂ ಒಂದೇ ಕಾರಣಕ್ಕೆ. ಕ್ಯಾಲಿಫೋರ್ನಿಯಾದಲ್ಲಿ 1995ರಿಂದ ಕೆಲಸದ ಜಾಗದೊಳಗೆ ಸೇದುವಂತಿಲ್ಲ, 1998ರಿಂದ ಬಾರಿನಲ್ಲೂ ಇಲ್ಲ. ಇಲ್ಲಿ ಕಾಲೇಜಿನ ದಿನಗಳಲ್ಲಿ ರಾಜಗಾಂಭೀರ್ಯದಿಂದ ಸೇದುತ್ತಿದ್ದ ನಮ್ಮ ಹುಡುಗರು ಅಲ್ಲಿ ಪಾರ್ಕಿಂಗ್ ಜಾಗದ ಮೂಲೆಗೆ ಹೋಗಿ ನಿಲ್ಲಬೇಕಾಯಿತು. ಗತ್ತು ಹೋದ ಮೇಲೆ ಚಟಕ್ಕೆ ರುಚಿಯೂ ಉಳಿಯಲಿಲ್ಲ, ಎಷ್ಟೋ ಮಂದಿ ಬಿಟ್ಟರು. ಬಾಣಂತನಕ್ಕೆಂದು ಅಲ್ಲಿಗೆ ಹೋಗಿದ್ದ ನಮ್ಮ ಅತ್ತಿಗೆ ಕಟ್ಟಡದ ಹೊರಗೆ ಚಳಿಯಲ್ಲಿ ನಡುಗುತ್ತ ಸೇದುತ್ತಿದ್ದ ಬಿಳಿ ಮುದುಕಿಯೊಬ್ಬಳನ್ನು ನೋಡಿ ಮರುಗಿದರಂತೆ: “ಪಾಪ, ಸೊಸೆ ಒಳಗೆ ಸೇರಿಸಲ್ಲವೋ ಏನೋ.” ಒಂದು ಲೆಕ್ಕಕ್ಕೆ ಅತ್ತಿಗೆ ಹೇಳಿದ್ದು ಸರಿಯೇ. ಸೊಸೆಯ ಬದಲು ಸರ್ಕಾರ ಸೇರಿಸಿರಲಿಲ್ಲ.

ಅಮೆರಿಕದವರು ಇದರಲ್ಲಿ ನಮಗಿಂತ ಉದಾರಿಗಳೇನೂ ಆಗಿರಲಿಲ್ಲ. 1908ರ ಜನವರಿಯಲ್ಲಿ ನ್ಯೂಯಾರ್ಕ್ ನಗರದ ಕೌನ್ಸಿಲ್ಲು ಸಾರ್ವಜನಿಕ ಸ್ಥಳಗಳಲ್ಲಿ ಹೆಂಗಸರು ಸೇದಲು ಅವಕಾಶ ಕೊಡಬಾರದೆಂದು ಕಾನೂನನ್ನೇ ಮಾಡಿತು. ಕೇಟಿ ಮಲ್ಕಾಹೀ ಎಂಬಾಕೆ ಸಿಕ್ಕಿಬಿದ್ದು 5 ಡಾಲರು ದಂಡ ಹಾಕಿಸಿಕೊಂಡಳು. ಮೇಯರ್ ಮೆಕ್ಲೆಲನ್ ಎರಡು ವಾರದೊಳಗೆ ಆ ಕಾನೂನಿಗೆ ತಡೆ ಹಾಕಿದ. ಇಪ್ಪತ್ತೊಂದು ವರ್ಷದ ನಂತರ, 1929ರ ಈಸ್ಟರ್ ಮೆರವಣಿಗೆಯ ದಿನ, ಅದೇ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿ ಕೆಲವು ಹೆಣ್ಣುಮಕ್ಕಳು ಕ್ಯಾಮೆರಾಗಳೆದುರು ಸಿಗರೇಟು ಹಚ್ಚಿದರು. ಅವು ಸಿಗರೇಟಲ್ಲ, ಸ್ವಾತಂತ್ರ್ಯದ ಪಂಜುಗಳು ಎಂದು ಪ್ರಚಾರವಾಯಿತು. ಹಿಂದೆ ನಿಂತು ದಾರ ಎಳೆದವನು ಎಡ್ವರ್ಡ್ ಬರ್ನೇಸ್, ಲಕ್ಕಿ ಸ್ಟ್ರೈಕ್ ಸಿಗರೇಟಿನ ಕಂಪನಿಯಿಂದ ಸಂಬಳ ಪಡೆಯುತ್ತಿದ್ದ ಪ್ರಚಾರತಜ್ಞ, ಮನಶ್ಶಾಸ್ತ್ರದ ಫ್ರಾಯ್ಡನಿಗೆ ಸೋದರಳಿಯ. ಅವನೂ ವಲಸಿಗನೇ, ವಿಯೆನ್ನಾದಲ್ಲಿ ಹುಟ್ಟಿ ಕೂಸಾಗಿದ್ದಾಗ ಅಮೆರಿಕ ಸೇರಿದವನು. ಕಟ್ಟುಪಾಡು ಮುರಿಯಬೇಕೆಂಬ ಹೆಣ್ಣಿನ ಆಸೆ ನಿಜವಾದದ್ದು, ಅದನ್ನು ಪೊಟ್ಟಣ ಕಟ್ಟಿ ಅವಳಿಗೇ ಮಾರಿದ ಚಾಲಾಕಿತನ ಅವನದು. 1987ರ ಹೊತ್ತಿಗೆ ಅಮೆರಿಕದ ಹೆಂಗಸರ ಸಾವಿನಲ್ಲಿ ಶ್ವಾಸಕೋಶದ ಕ್ಯಾನ್ಸರು ಸ್ತನದ ಕ್ಯಾನ್ಸರನ್ನು ಹಿಂದಕ್ಕೆ ಹಾಕಿತು. ಆ ಪಂಜುಗಳ ಬಿಲ್ಲು ಬರಲು ಅಷ್ಟು ವರ್ಷ ಹಿಡಿಯಿತು.

ನಮ್ಮಲ್ಲಿ ಆ ಕೆಲಸವನ್ನು ತಿರುಗಾಮುರುಗಾ ಮಾಡಿದ್ದು ಸಿನಿಮಾ. 1971ರ ‘ಹರೇ ರಾಮ ಹರೇ ಕೃಷ್ಣ’ದಲ್ಲಿ ಮಾಂಟ್ರಿಯಲ್‌ನಲ್ಲಿ ಮುರಿದ ಸಂಸಾರವೊಂದರ ಹುಡುಗಿ ಜಸ್‌ಬೀರ್, ಕಾಠ್ಮಂಡುವಿನ ಹಿಪ್ಪಿಗಳ ನಡುವೆ ಜಾನಿಸ್ ಆಗಿ, ಚಿಲುಮೆ ಸೇದಿ, ಕೊನೆಗೆ ಪ್ರಾಣ ಕಳೆದುಕೊಳ್ಳುತ್ತಾಳೆ. ಊರು ಬಿಟ್ಟ ಹೆಣ್ಣು, ಹೊಗೆ, ಸರ್ವನಾಶ, ಎಲ್ಲವೂ ಒಂದೇ ಟಿಕೆಟಿಗೆ. ಅದೇ ಕಾಲದ ಹೀರೋಗಳು ಹಾಡಿಗೊಂದರಂತೆ ಸೇದಿ ಬಿಸಾಡಿದರೂ ಅವರಿಗೆ ಕೊನೆಯ ರೀಲಿನಲ್ಲಿ ಮದುವೆಯೇ ಆಯಿತು.

ಇಷ್ಟೆಲ್ಲ ಹೇಳಿ ಬೀಡಿ ಕಟ್ಟುವವರನ್ನು ಮರೆತರೆ ಪಾಪ ಬರುತ್ತದೆ. ಬ್ಯಾಂಕಿನ ನೌಕರಿಯಲ್ಲಿ ನಾನು ಪುತ್ತೂರಿನ ಕಡೆ ಇದ್ದೆ. ಶನಿವಾರ ಕೌಂಟರಿಗೆ ಬರುತ್ತಿದ್ದ ಹೆಂಗಸರ ಪಾಸ್‌ಪುಸ್ತಕ ಬಿಡಿಸಿದರೆ ಹೊಗೆಸೊಪ್ಪಿನ ಘಾಟು. ಅವರ ಮನೆಗಳಲ್ಲಿ ಮಧ್ಯಾಹ್ನದ ಗಂಜಿಯೂಟ ಮುಗಿದದ್ದೇ ಗೆರಸೆ ತೊಡೆಗೇರುತ್ತಿತ್ತು. ನೆನೆಸಿದ ಎಲೆಯನ್ನು ಕತ್ತರಿಯಿಂದ ಅಳತೆಗೆ ಕತ್ತರಿಸಿ, ಚಿಟಿಕೆ ಪುಡಿ ಉದುರಿಸಿ, ಹೆಬ್ಬೆರಳು ತೋರುಬೆರಳಲ್ಲಿ ಸುರುಳಿ ಸುತ್ತಿ, ನೂಲು ಬಿಗಿದು, ಬಾಯಿ ಮಡಚುವ ಕೆಲಸ. ಕಣ್ಣು ಟಿ.ವಿ. ಮೇಲೆ ಇದ್ದರೂ ಕೈ ತಪ್ಪುತ್ತಿರಲಿಲ್ಲ. ಸಂಜೆ ಕಟ್ಟುಗಳನ್ನು ಬೀಡಿ ಬ್ರಾಂಚಿಗೆ ಒಯ್ದರೆ ಅಲ್ಲಿ ಚೆಕಿಂಗು. ಸರಿಯಿಲ್ಲವೆಂದು ಒಂದಷ್ಟನ್ನು ಪಕ್ಕಕ್ಕೆ ಎಸೆದರೆ ಅಷ್ಟು ಕೂಲಿ ಹೋಯಿತು. ಹಾಗೆ ಕಟ್ಟಿದ ಬೀಡಿಯಲ್ಲಿ ಮಗಳ ಫೀಸು, ಕಿವಿಯ ಬೆಂಡೋಲೆ, ಮನೆಗೆ ಹೆಂಚು. ಲಕ್ಷಗಟ್ಟಲೆ ಬೀಡಿ ಕಟ್ಟಿದ ಆ ಹೆಂಗಸರಲ್ಲಿ ಒಬ್ಬಳೂ ಸೇದಿದ್ದನ್ನು ನಾನು ಕಾಣೆ. ಆದರೂ ಕೆಮ್ಮು, ಬೆನ್ನುನೋವು ಅವರ ಪಾಲಿಗೇ. ಹೆಂಗಸು ದಿನವಿಡೀ ತಂಬಾಕಿನ ಧೂಳು ಕುಡಿಯುವುದಕ್ಕೆ ಯಾವ ಊರೂ ಆಕ್ಷೇಪಿಸಿಲ್ಲ. ಅದರಿಂದ ಸಂಸಾರ ನಡೆಯುತ್ತದಲ್ಲ!

ಅಂಥ ಒಬ್ಬ ತಾಯಿ ಮೊನ್ನೆ ಫೋನು ಮಾಡಿದ್ದರು. ಬೆಂಗಳೂರಲ್ಲಿ ಕೆಲಸಕ್ಕಿರುವ ಮಗಳ ಚೀಲದಲ್ಲಿ ಸಿಗರೇಟು ಸಿಕ್ಕಿತಂತೆ. “ನಾನು ಕಟ್ಟಿದ್ದು ಸಾಲ್ದಾ ಅಮ್ಮ, ಅವಳು ಸೇದ್ಲೂ ಬೇಕಾ?” ಎಂದು ಅತ್ತರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ‘ಮಾನ ಹೋಯಿತು’ ಎಂದು ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ಅವರು ಅತ್ತದ್ದು ಮಾನಕ್ಕಲ್ಲ. ತಂಬಾಕು ಏನೆಂದು ಅವರ ಎದೆಗೂಡಿಗೆ ಗೊತ್ತಿತ್ತು.

ಹೆಣ್ಣುಮಗಳ ಸಿಗರೇಟಿನ ಬಗ್ಗೆ ನಾವು ಆಡುವ ಮಾತು ನೂರಕ್ಕೆ ತೊಂಬತ್ತು ಪಾಲು ‘ಯಾರು ನೋಡಿದರು’ ಎಂಬುದರ ಬಗ್ಗೆ. ಆ ಕಣ್ಣುಗಳ ಹೆದರಿಕೆಯಿಂದ ಬಿಟ್ಟವಳು ಊರು ಬದಲಾದ ದಿನ ಮತ್ತೆ ಹಚ್ಚುತ್ತಾಳೆ. ಎದೆಗೆ ಹೆದರಿ ಬಿಟ್ಟವಳು ಐಜ್ವಾಲಿನಲ್ಲೂ ಹಚ್ಚುವುದಿಲ್ಲ, ಆಮ್‌ಸ್ಟರ್‌ಡಾಮಿನಲ್ಲೂ ಹಚ್ಚುವುದಿಲ್ಲ. ಆದ್ದರಿಂದ ತಂದೆತಾಯಿಗಳಲ್ಲಿ ಒಂದು ವಿನಂತಿ. ಮಗಳ ಚೀಲದಲ್ಲಿ ಪ್ಯಾಕು ಸಿಕ್ಕಿದರೆ ಊರಿಗೆ ಕರೆಸಿಕೊಂಡು ಕೂಡಿಹಾಕಬೇಡಿ. ಆ ಪ್ಯಾಕಿನ ಮೇಲೇ 1800-11-2356 ಎಂದು ಒಂದು ನಂಬರಿದೆ. ದುಡ್ಡು ಕೊಡಬೇಕಿಲ್ಲ, ಬಿಡಲು ದಾರಿ ಹೇಳುತ್ತಾರೆ, ಕರೆ ಮಾಡಿದವರು ಯಾರ ಮಗಳು ಎಂದು ಕೇಳುವುದಿಲ್ಲ. ಮಗಳ ಜೊತೆ ಮಗನನ್ನೂ ಕೂರಿಸಿ ಮಾತಾಡಿ. ಯಜಮಾನರ ಜೇಬಿನಲ್ಲೂ ಒಂದು ಪ್ಯಾಕು ಇದ್ದರೆ, ಮಾತು ಶುರುಮಾಡುವ ಮುಂಚೆ ಅದನ್ನೂ ತೆಗೆದು ಮೇಜಿನ ಮೇಲಿಡಲಿ.